ಬಟ್ಟೆಯ ಕೆಳಗಿನ ಕಲ್ಲು

ಮಾರ್ಚ್ ೨, ಸೋಮವಾರ

ಇಂದಿನಿಂದ ಹದಿಮೂರು ದಿನ ಲೈನ್ ಬಂದ್. ರೈಲುಗಳೆಲ್ಲ ಬಳಸು ದಾರಿಯಲ್ಲಿ ಹೋಗುತ್ತವೆ. ಅಷ್ಟರೊಳಗೆ ‘ಹೊಟ್ಟೆ’ಯನ್ನು ಬಗೆದು, ಬಟ್ಟೆ ಹಾಸಿ, ಅದರ ಮೇಲೆ ಬಲೆ ಹಾಸಿ, ಹೊಸ ಜಲ್ಲಿ ಸುರಿದು, ಹಳಿ ಜೋಡಿಸಿ ಕೊಡಬೇಕು. ಮೇಲಿನವರ ಅಪ್ಪಣೆ. ಅಪ್ಪಣೆ ಕೊಡುವವರಿಗೇನು, ಬಾಯಲ್ಲೇ ಸುರಂಗ ಕೊರೆಯುತ್ತಾರೆ.

ಜೂನ್‌ಗೆ ನನಗೆ ನಿವೃತ್ತಿ. ಮೂವತ್ತೆರಡು ವರ್ಷ ಹಳಿಯ ಉಸ್ತುವಾರಿ ನೋಡಿದ ಮನುಷ್ಯ ಕಡೆಯ ದೊಡ್ಡ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಅದಕ್ಕೇ ಈ ಹಳೆಯ ಡೈರಿ ತೆಗೆದೆ.

ಹೊಟ್ಟೆ ಅಂದರೆ ನನ್ನ ಸೆಕ್ಷನ್ನಿನಲ್ಲಿ ಎಂಬತ್ತು ಮೀಟರ್ ಉದ್ದದ ಜಾಗ. ಹಿಂದೆ ಜೌಗಾಗಿತ್ತಂತೆ. ಮೇಲೆ ಮಣ್ಣು ಹಾಕಿ ಹಳಿ ಎಳೆದರು, ಕೆಳಗಿನ ನೆಲ ಮಾತ್ರ ಹಳೇ ಬುದ್ಧಿ ಬಿಡಲಿಲ್ಲ. ವರ್ಷ ವರ್ಷ ಜಲ್ಲಿ ಸುರಿಯುತ್ತೇವೆ. ರೈಲು ಓಡಿದ ಹಾಗೆ ಜಲ್ಲಿ ಕೆಳಗಿಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜಲ್ಲಿ ತುಂಬಿದ ವ್ಯಾಗನ್ ಬಂದರೆ ಗ್ಯಾಂಗಿನವರು ‘ಇವತ್ತು ಹೊಟ್ಟೆಗೆ ಊಟ’ ಅನ್ನುತ್ತಾರೆ.

ಬಟ್ಟೆಯ ಕಂಪನಿಯಿಂದ ಒಬ್ಬಳು ಇಂಜಿನಿಯರ್ ಬಂದಿದ್ದಾಳೆ, ಚುರುಕು. ಗ್ಯಾಂಗಿನ ಮೇಸ್ತ್ರಿ ಅವಳನ್ನು ಬಿಡಲಿಲ್ಲ.

“ಅಲ್ಲ ಮೇಡಂ, ಕಲ್ಲನ್ನೇ ನುಂಗೋ ನೆಲಕ್ಕೆ ಬಟ್ಟೆ ಯಾವ ಲೆಕ್ಕ?”

“ಈ ಬಟ್ಟೆ ನೀರನ್ನ ಬಿಡುತ್ತೆ ಮೇಸ್ತ್ರಿ, ಮಣ್ಣನ್ನ ಬಿಡಲ್ಲ. ಕೆಳಗಿನದು ಕೆಳಗೇ, ಮೇಲಿನದು ಮೇಲೇ. ಅದರ ಮೇಲಿನ ಪ್ಲಾಸ್ಟಿಕ್ ಬಲೆ ಇದೆಯಲ್ಲ, ಅದರ ಕಣ್ಣುಗಳಲ್ಲಿ ಜಲ್ಲಿ ಕಚ್ಕೊಂಡು ಕೂತ್ರೆ ಆಚೀಚೆ ಸರಿಯಲ್ಲ.”

“ಒಂದ್ಸಲ ಹಾಸಿದ್ಮೇಲೆ?” ಎಂದು ನಾನು ಕೇಳಿದೆ.

“ಹಾಸಿದ್ಮೇಲೆ ಕೆಳಗೆ ಏನಿದ್ರೂ ಅದು ನಮಗೆ ಸಂಬಂಧ ಇಲ್ಲ ಸಾರ್.”

ಒಳ್ಳೆಯ ಮಾತು ಅನ್ನಿಸಿತು.

ಮಾರ್ಚ್ ೩, ಮಂಗಳವಾರ

ಹಳಿ ಕಳಚಿ ಪಕ್ಕಕ್ಕೆ ಎಳೆದೆವು. ಹಳಿಯ ಕೆಳಗಿನ ಅಡ್ಡ ಸ್ಲೀಪರುಗಳೂ ಮೇಲೆದ್ದವು. ದಿನವಿಡೀ ಮೇಸ್ತ್ರಿಯ ಗಂಟಲು. ಅವನಿಗೆ ಮೈಕ್ ಬೇಡ, ಮೈಕಿಗೇ ಅವನು ಬೇಕು.

ಬಟ್ಟೆಯ ಸುರುಳಿಗಳನ್ನು ಒಂದಕ್ಕೊಂದು ಹೊಲಿಯಬೇಕಂತೆ. ಇಷ್ಟು ಮೆತ್ತನೆ ನೆಲದಲ್ಲಿ ಬರೀ ಅಂಚಿನ ಮೇಲೆ ಅಂಚು ಹಾಕಿದರೆ ಜಾರಿ ಬಾಯಿ ಬಿಡುತ್ತದಂತೆ. ಅದಕ್ಕೆ ಕಂಟ್ರಾಕ್ಟರ್ ಪೇಟೆಯಿಂದ ಒಬ್ಬ ಟೈಲರಮ್ಮನನ್ನು ಕರೆಸಿದ್ದಾನೆ. ಮೂಟೆ ಹೊಲಿಯುವ ಕೈ ಮಷಿನ್ ಹಿಡಿದು ಜೀಪಿನಿಂದ ಇಳಿದಳು. ನೋಡಿದರೆ ಕೀಮನ್‌ನ ಹೆಂಡತಿ.

ಈ ಲೈನಿಗೆ ಅವನು ಹತ್ತೊಂಬತ್ತು ವರ್ಷ ಕೀಮನ್ ಆಗಿದ್ದ. ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಆರು ಕಿಲೋಮೀಟರ್ ನಡೆದು, ಸಡಿಲವಾದ ಕೀಲುಗಳನ್ನು ಬಡಿದು ಬಿಗಿ ಮಾಡುವ ಕೆಲಸ. ಹೋದ ವರ್ಷಕ್ಕೂ ಹಿಂದಿನ ವರ್ಷದ ಜುಲೈ ಹದಿನೇಳರಂದು ಗೂಡ್ಸ್ ಗಾಡಿಯ ಎರಡು ವ್ಯಾಗನ್ ಹೊಟ್ಟೆಯ ಮೇಲೆ ಹಳಿ ತಪ್ಪಿದವು. ಯಾರಿಗೂ ಪೆಟ್ಟಾಗಲಿಲ್ಲ. ಆ ಬೆಳಿಗ್ಗೆ ಕೀಮನ್ ಹೊಟ್ಟೆಯ ಕಡೆ ಹೋಗದೆ ಅಡ್ಡದಾರಿಯಲ್ಲಿ ಗೇಟಿಗೆ ಹೋಗಿ ಕೂತಿದ್ದ ಎಂದು ತನಿಖೆಯಲ್ಲಿ ತೀರ್ಮಾನವಾಯಿತು. ಕೆಲಸ ಹೋಯಿತು. ಎಂಟು ತಿಂಗಳಿಗೆ ಅವನೂ ಹೋದ. ಅಲ್ಲಿಗೆ ಮುಗಿದ ಕಥೆ.

ಸಂಜೆ ನಾನು ಹೊರಡುವಾಗ ಆಕೆ ಹತ್ತಿರ ಬಂದಳು. ಜಗಳದ ಮುಖವಲ್ಲ.

“ಸಾರ್, ಅಗೀವಾಗ ಏನಾದ್ರೂ ಸಿಕ್ತಾ?”

“ಏನೂ ಇರಲಿಲ್ಲ,” ಅಂದೆ.

ಇವತ್ತು ಅಗೆದೇ ಇಲ್ಲ. ಹಳಿ ಕಳಚಿದ್ದಷ್ಟೇ. ಆದರೂ ಬಾಯಿಗೆ ಬಂದದ್ದು ಅದೇ ಮಾತು.

ಮಾರ್ಚ್ ೫, ಗುರುವಾರ

ಅಗೆತ ಶುರುವಾಗಿದೆ. ಯಂತ್ರ ಕೊರೆದ ಗೋಡೆಯಲ್ಲಿ ಕೆಸರು, ಜಲ್ಲಿ, ಕೆಸರು, ಜಲ್ಲಿ, ಪದರ ಪದರವಾಗಿ ಕಾಣುತ್ತದೆ. ಒಂದೊಂದು ಪದರ ಒಂದೊಂದು ವರ್ಷದ ಊಟ. ನಾನು ಸಹಿ ಹಾಕಿ ಸುರಿಸಿದ ಜಲ್ಲಿಯೆಲ್ಲ ಅಲ್ಲೇ ಇದೆ. ಎಲ್ಲಿಗೆ ಹೋಗುತ್ತಿತ್ತೋ ಅಂದುಕೊಂಡಿದ್ದೆ, ಎಲ್ಲೂ ಹೋಗಿರಲಿಲ್ಲ.

ಕಲ್ಲು ಮಾತ್ರವಲ್ಲ. ಒಂದು ಟೀ ಲೋಟ, ಊಟದ ಡಬ್ಬಿಯ ಮುಚ್ಚಳ, ಮುರಿದ ಸ್ಪ್ಯಾನರ್ ಸಿಕ್ಕಿತು. ಮಧ್ಯಾಹ್ನ ಯಂತ್ರದ ಬಾಯಿಯಲ್ಲಿ ಒಂದು ಬೂಟು ಬಂತು. ಡ್ರೈವರ್ ಯಂತ್ರ ನಿಲ್ಲಿಸಿಬಿಟ್ಟ. ಆಗ ಮೇಸ್ತ್ರಿ ಇಳಿದು ಹೋಗಿ ಅದನ್ನು ತಿರುಗಿಸಿ ನೋಡಿ, “ನಂದೇ ಕಣ್ರೋ. ಆ ದೊಡ್ಡ ಮಳೆ ವರ್ಷ ಕಾಲಿಂದ ಕಿತ್ಕೊಂಡಿತ್ತು. ಇನ್ನೊಂದು ಮನೇಲಿದೆ, ಜೋಡಿ ಆಯ್ತು,” ಅಂದ. ಎಲ್ಲರೂ ನಕ್ಕರು. ಟೈಲರಮ್ಮ ನಗಲಿಲ್ಲ. ಮಷಿನ್ ಮಡಿಲಲ್ಲಿಟ್ಟುಕೊಂಡು ಆ ಬೂಟನ್ನೇ ನೋಡುತ್ತಿದ್ದಳು.

ಬೆಳಿಗ್ಗೆಯ ಒಂದು ವಿಷಯ ಬರೆಯುವುದೋ ಬೇಡವೋ ಅಂದುಕೊಂಡೆ. ಆರೂವರೆಗೆ ಯಾರೂ ಬರುವ ಮೊದಲೇ ನಾನು ಸೈಟಿನಲ್ಲಿದ್ದೆ. ಸುತ್ತಿಗೆಯ ಸದ್ದು ಕೇಳಿಸಿತು. ಎರಡು ಏಟು, ಒಂದು ಉಸಿರಿನಷ್ಟು ಬಿಡುವು, ಆಮೇಲೆ ಒಂದು ಏಟು. ಅದು ಕೀಮನ್‌ನ ಬಡಿತ. ‘ಎರಡು ಕೀಲಿಗೆ, ಒಂದು ನನ್ನ ಸಮಾಧಾನಕ್ಕೆ ಸಾರ್’ ಅನ್ನುತ್ತಿದ್ದ. ಹಳಿ ಕಳಚಿ ರಾಶಿ ಹಾಕಿದ್ದೇವೆ, ಬಡಿಯಲು ಒಂದು ಕೀಲೂ ಇಲ್ಲ. ಬಿಸಿಲು ಬೀಳುತ್ತಿದ್ದ ಹಾಗೆ ಕಬ್ಬಿಣ ಹಿಗ್ಗಿ ಸದ್ದು ಮಾಡಿರಬೇಕು.

ರಾತ್ರಿ ಊಟಕ್ಕೆ ಕೂತಾಗ ನನ್ನಾಕೆ, “ತಟ್ಟೆ ಬಡೀಬೇಡಿ ಅಂತ ಎಷ್ಟು ಸಲ ಹೇಳಲಿ?” ಅಂದಳು. ಅವಳಿಗೆ ಏನಾದರೊಂದು ಹೇಳುತ್ತಿರಬೇಕು.

ಮಾರ್ಚ್ ೬, ಶುಕ್ರವಾರ

ನಕ್ಷೆಯಲ್ಲಿ ಮೂರಡಿ ಆಳ ಅಂದಿದೆ. ಸಿಗ್ನಲ್ ಕಂಬದ ಹತ್ತಿರ ಇನ್ನೂ ಅರ್ಧ ಅಡಿ ತೆಗೆಸಿದೆ. ಮಣ್ಣು ತೀರಾ ಮೆತ್ತಗಿತ್ತು.

ಸಂಜೆ ಟೈಲರಮ್ಮನದು ಮತ್ತೆ ಅದೇ ಪ್ರಶ್ನೆ. “ಏನೂ ಇರಲಿಲ್ಲಮ್ಮ” ಅಂದೆ. ಸರಿ ಸಾರ್ ಎಂದು ಹೋದಳು.

ಮಾರ್ಚ್ ೮, ಭಾನುವಾರ

ತಲೆನೋವು. ಸದ್ದು ಮತ್ತೆ ಕೇಳಿತು. ಇವತ್ತು ಮೋಡವಿತ್ತು, ಬಿಸಿಲಿರಲಿಲ್ಲ.

ಮಾರ್ಚ್ ೯, ಸೋಮವಾರ

ಇಂಜಿನಿಯರಮ್ಮನ ಜೊತೆ ಮಾತಿಗೆ ಮಾತು ಬೆಳೆಯಿತು.

“ಸಾರ್, ಆ ಕಡೆ ಅರ್ಧಕ್ಕೆ ಬಟ್ಟೆ ಹಾಸಾಯ್ತು. ಈ ಕಂಬದ ಹತ್ರ ಮಾತ್ರ ನೀವು ನಾಲ್ಕೂವರೆ ಅಡಿಗೆ ಹೋಗಿದೀರಿ. ಸಾಕು. ಗಟ್ಟಿ ನೆಲ ಸಿಗೋವರೆಗೂ ಅಗೀತೀನಿ ಅಂದ್ರೆ ಪಾತಾಳ ಸಿಗುತ್ತೆ. ಗಟ್ಟಿ ನೆಲ ಇಲ್ಲ ಅಂತಾನೇ ಬಟ್ಟೆ ತಂದಿರೋದು.”

“ಇದು ನನ್ನ ಸೆಕ್ಷನ್. ನೀವು ಹೋದ ಮೇಲೂ ಉತ್ತರ ಕೊಡೋನು ನಾನು,” ಅಂದೆ. ದನಿ ಏರಿತ್ತು ಅನ್ನಿಸುತ್ತದೆ, ಗ್ಯಾಂಗಿನವರು ತಿರುಗಿ ನೋಡಿದರು.

ಆಮೇಲೆ ಮೇಸ್ತ್ರಿ ಪಕ್ಕಕ್ಕೆ ಬಂದ. ಅವನು ಮೆಲ್ಲಗೆ ಮಾತಾಡಿದ್ದನ್ನು ಇಷ್ಟು ವರ್ಷದಲ್ಲಿ ಇದೇ ಮೊದಲು ಕೇಳಿದ್ದು.

“ಸಾರ್, ಏನು ಹುಡುಕ್ತಿದೀರಿ?”

“ಹುಡುಕೋದೇನು? ಮೆತ್ತನೆ ಮಣ್ಣು ತೆಗೆಸ್ತಿದೀನಿ.”

“ಮೆತ್ತನೆ ಮಣ್ಣು ಎಂಬತ್ತು ಮೀಟರ್ ಉದ್ದಕ್ಕೂ ಇದೆ ಸಾರ್. ನೀವು ನಿಂತಿರೋದು ಹದಿನಾಲ್ಕನೇ ಸ್ಲೀಪರ್ ಹತ್ರ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನೋಡಿಕೊಳ್ಳಲಿಲ್ಲ. ಹೋಗಿ ಕೆಲಸ ನೋಡು ಅಂದೆ.

ಮಾರ್ಚ್ ೧೦, ಮಂಗಳವಾರ

ನಿದ್ದೆ ಇಲ್ಲ. ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲವಲ್ಲ.

ಕೀಮನ್‌ಗೆ ಒಂದು ಪದ್ಧತಿ ಇತ್ತು. ಹಳಿ ಕುಸಿದ ಜಾಗ ಕಂಡರೆ ಒಂದು ಜಲ್ಲಿ ಕಲ್ಲಿಗೆ ಕೆಂಪು ಬಣ್ಣ ಬಳಿದು, ಅದರ ಮೇಲೆ ಬಿಳಿ ಬಣ್ಣದಲ್ಲಿ ತಾರೀಕು ಬರೆದು, ಎರಡು ಸ್ಲೀಪರಿನ ನಡುವೆ ಇಟ್ಟು ಹೋಗುತ್ತಿದ್ದ. ಇವತ್ತು ಇಲ್ಲಿ ಎತ್ತಿ ಕಟ್ಟಿ ಎಂದು ಗ್ಯಾಂಗಿಗೆ ಗುರುತು. ಹಳಿ ತಪ್ಪಿದ ದಿನವೂ ಆರೂವರೆಗೆ ಸಿಗ್ನಲ್ ಕಂಬದಿಂದ ಹದಿನಾಲ್ಕನೇ ಸ್ಲೀಪರ್ ಹತ್ತಿರ ಕಲ್ಲಿಟ್ಟೆ, ಆಮೇಲೆ ಮುಂದೆ ನಡೆದೆ ಎಂದು ತನಿಖೆಯಲ್ಲಿ ಹೇಳಿದ. ಆ ಜಾಗಕ್ಕೆ ನಿಧಾನದ ಬೋರ್ಡು ಹಾಕಿಸಿ ಎಂದು ಅದಕ್ಕೂ ಮೊದಲು ಮೂರು ವಾರದಿಂದ ನನಗೆ ಹೇಳುತ್ತಿದ್ದ. ಹೇಳಿದ್ದು ಬಾಯಲ್ಲಿ, ಕಾಗದವಿಲ್ಲ. ನೋಡೋಣ ಅಂದಿದ್ದೆ.

ಕಲ್ಲು ಸಿಕ್ಕಿದ್ದರೆ ತಪ್ಪು ನನ್ನ ತಲೆಗೆ ಬರುತ್ತಿತ್ತು. ಸಿಗದಿದ್ದರೆ ಅವನ ತಲೆಗೆ.

ಅವತ್ತು ವ್ಯಾಗನ್ ಎತ್ತಿದ ಕೂಡಲೇ ಹೊಟ್ಟೆಗೆ ಎರಡು ವ್ಯಾಗನ್ ಊಟ ಹಾಕಿಸಿದೆ. ಲೈನ್ ತೆರೆಯುವ ಅವಸರ ಅಂದೆ. ಅವಸರ ಇತ್ತು, ಸುಳ್ಳಲ್ಲ. ಆಮೇಲೆ ಹೋಗಿ ಕಲ್ಲು ಹುಡುಕಿದೆ. ಐದು ನಿಮಿಷ. ಹೊಸ ಜಲ್ಲಿಯ ಮೇಲೆ ಹಳೆಯ ಕಲ್ಲು ಹುಡುಕುವ ಮೂರ್ಖ ನಾನಲ್ಲ, ಆದರೂ ಹುಡುಕಿದೆ. ಆಮೇಲೆ ವರದಿ ಬರೆದೆ. ‘ಗುರುತು ಕಾಣಲಿಲ್ಲ’ ಎಂದು ಬರೆಯಬಹುದಿತ್ತು. ‘ಗುರುತು ಇರಲಿಲ್ಲ’ ಎಂದು ಬರೆದೆ. ಒಂದೇ ಪದ. ಪೆನ್ನು ನಿಲ್ಲಲೇ ಇಲ್ಲ.

ಕೆಲಸ ಹೋದ ಮೇಲೂ ಅವನು ಬೆಳಿಗ್ಗೆ ಲೈನಿಗೆ ಬರುತ್ತಿದ್ದ. ಸುತ್ತಿಗೆ ಇರಲಿಲ್ಲ, ಕೈಯಲ್ಲಿ ಕೋಲು. ಹದಿನಾಲ್ಕನೇ ಸ್ಲೀಪರ್ ಹತ್ತಿರ ಕುಕ್ಕರುಗಾಲಲ್ಲಿ ಕೂತು ಜಲ್ಲಿ ಕೆದಕುತ್ತಿದ್ದ. ಹೊರಗಿನವರು ಹಳಿಯ ಮೇಲೆ ಬರಬಾರದು ಎಂದು ನಾನೇ ಒಂದು ದಿನ ಗದರಿಸಿ ಕಳಿಸಿದೆ. “ಹೊರಗಿನೋನಾ ಸಾರ್ ನಾನು?” ಅಂದ. ಅವನು ಕಡೆಯದಾಗಿ ನನ್ನ ಹತ್ತಿರ ಆಡಿದ್ದು ಅಷ್ಟೇ.

ಗುಂಡಿ ನಾಳೆ ನಾಲ್ಕಕ್ಕೆ ಮುಚ್ಚುತ್ತದೆ. ಬಟ್ಟೆ ಹಾಸಿದ ಮೇಲೆ ಕೆಳಗಿನದು ಕೆಳಗೇ.

ಮಾರ್ಚ್ ೧೧, ಬುಧವಾರ

ಸಿಕ್ಕಿತು.

ಮಧ್ಯಾಹ್ನ ಗ್ಯಾಂಗಿನವರು ಊಟಕ್ಕೆ ಹೋಗಿದ್ದರು. ನಾನೇ ಗುಂಡಿಗೆ ಇಳಿದು ಕೈಯಿಂದ ಕೆದಕುತ್ತಿದ್ದೆ. ಯಾಕೆ ಇಳಿದೆ ಅಂದರೆ ಹೇಳಲಾರೆ. ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಅಂದುಕೊಂಡಿದ್ದೆ. ಒಂದು ಕಲ್ಲು ಉಳಿದವಕ್ಕಿಂತ ನುಣುಪಾಗಿತ್ತು. ಪಂಪಿನ ನೀರಲ್ಲಿ ಹೆಬ್ಬೆರಳಿನಿಂದ ಉಜ್ಜಿದೆ. ಕೆಂಪು ಕಂಡಿತು. ಇನ್ನೊಂದು ಮಗ್ಗುಲು ಉಜ್ಜಿದೆ. ಬಿಳಿ ಬಣ್ಣದಲ್ಲಿ 17-7.

ಕೆಸರಲ್ಲೇ ಕೂತೆ. ಅಲ್ಲೇ ಕೈ ಬಿಟ್ಟರೆ ಸಾಕಿತ್ತು. ನಾಲ್ಕಕ್ಕೆ ಬಟ್ಟೆ ಬರುತ್ತದೆ, ಐದಕ್ಕೆ ಬಲೆ, ಆರಕ್ಕೆ ಜಲ್ಲಿ. ದೇವರೇ ಹುಡುಕಿದರೂ ಸಿಗದು. ಮೂರು ತಿಂಗಳಿಗೆ ಹಾರ ಹಾಕಿ, ಗಡಿಯಾರ ಕೊಟ್ಟು ಕಳಿಸುತ್ತಾರೆ.

ಕಲ್ಲನ್ನು ಜೇಬಿಗೆ ಹಾಕಿಕೊಂಡೆ. ಪ್ಯಾಂಟು ಒಂದು ಕಡೆ ಜೋತುಬಿತ್ತು. ಮೇಲೆ ಬಂದಾಗ ಮೇಸ್ತ್ರಿ ನನ್ನ ಕೈ ನೋಡಿ, “ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಸಾರ್. ನಿಮ್ಮ ಬಾಯಿ ನೋಡಿದ್ರೆ ಹಾಗನ್ನಿಸಲ್ಲ,” ಅಂದ.

ಬಟ್ಟೆ ಹಾಸಿದರು. ಟೈಲರಮ್ಮ ಅಂಚಿನುದ್ದಕ್ಕೂ ಕುಕ್ಕರುಗಾಲಲ್ಲಿ ಸರಿಯುತ್ತ ಹೊಲಿದಳು. ಕೀಮನ್ ಕೂರುತ್ತಿದ್ದದ್ದೂ ಹಾಗೇ. ಕಡೆಯ ಹೊಲಿಗೆ ಕಂಬದ ಹತ್ತಿರ, ಹದಿನಾಲ್ಕನೇ ಸ್ಲೀಪರಿನ ಜಾಗದಲ್ಲೇ ಬರುತ್ತದೆ. ಒಂದು ಮಾರು ಉಳಿದಿತ್ತು. ತಲೆ ಎತ್ತಿ ಕೇಳಿದಳು.

“ಸಾರ್, ಏನಾದ್ರೂ ಸಿಕ್ತಾ?”

“ಕಾಣಲಿಲ್ಲ,” ಅಂದೆ.

ಮಷಿನ್ ನಿಂತಿತು.

“ದಿನಾ ‘ಇರಲಿಲ್ಲ’ ಅಂತಿದ್ರಿ.”

ನನ್ನ ಕೈ ಜೇಬಿನ ಮೇಲೆ ಹೋಯಿತು.

“ಆ ವರದಿ ನಂಗೆ ಬಾಯಿಪಾಠ ಸಾರ್. ಮನೇಲಿ ಅವರು ದಿನಕ್ಕೆ ಹತ್ತು ಸಲ ಓದೋರು. ‘ಕಾಣಲಿಲ್ಲ ಅಂತ ಬರೆದಿದ್ರೆ ನಾನು ಅನ್ನ ತಿಂತಿದ್ದೆ ಕಣೆ’ ಅನ್ನೋರು.” ದಾರ ಕತ್ತರಿಸಿ ಎದ್ದು ನಿಂತಳು. “ಕತ್ತಲಾಗ್ತಿದೆ. ಈ ಒಂದು ಮಾರು ನಾಳೆ ಹೊಲೀತೀನಿ.”

ಕತ್ತಲಾಗಿರಲಿಲ್ಲ. ಇಂಜಿನಿಯರಮ್ಮ ತಕರಾರು ತೆಗೆಯಲು ಬಾಯಿ ತೆರೆದಳು. ಮೇಸ್ತ್ರಿ ಅವಳನ್ನು ಟೀಗೆ ಕರೆದುಕೊಂಡು ಹೋದ.

ಕಲ್ಲು ಮೇಜಿನ ಮೇಲಿದೆ. ಬರೆಯುವಾಗ ಕಾಗದ ಹಾರದಂತೆ ಅದನ್ನೇ ಇಟ್ಟಿದ್ದೇನೆ.

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ಅದೇ ಬಡಿತಕ್ಕೆ ಎಚ್ಚರವಾಯಿತು. ಎರಡು, ಬಿಡುವು, ಒಂದು. ಈ ಸಲ ಮನೆಯೊಳಗೆ. ನನ್ನಾಕೆ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

“ಕೇಳಿಸ್ತಾ?” ಅಂದೆ.

“ಕೇಳಿಸದೆ ಏನು? ಬಡೀತಿರೋದು ನೀವೇ. ತಟ್ಟೆ, ಬಾಗಿಲು, ಮಂಚದ ಕಟ್ಟು. ಎರಡು ವರ್ಷ ಆಗ್ತಾ ಬಂತು.”

“ಸೈಟಲ್ಲೂ ಕೇಳುತ್ತೆ ಕಣೆ.”

“ಸೈಟಿಗೆ ಕೈ ಮನೇಲಿಟ್ಟು ಹೋಗ್ತೀರಾ?”

ಅವಳು ಮೇಜಿನ ಮೇಲಿನ ಕಲ್ಲು ನೋಡಿದ್ದಳು. ತಾರೀಕನ್ನೂ ಓದಿದ್ದಳು. ಒಗೆದ ಶರ್ಟು ತಂದುಕೊಟ್ಟಳು. “ಇದು ಹಾಕ್ಕೊಂಡು ಹೋಗಿ,” ಅಂದಳು. ನಾನು ಅತ್ತೆ. ಇಷ್ಟು ವರ್ಷದಲ್ಲಿ ಅವಳ ಮುಂದೆ ಅತ್ತವನಲ್ಲ.

ಟೈಲರಮ್ಮ ಆ ಒಂದು ಮಾರಿನ ಹತ್ತಿರ ಕೂತಿದ್ದಳು, ಮಷಿನ್ ಮುಟ್ಟಿರಲಿಲ್ಲ. ಕಲ್ಲು ಕೊಟ್ಟೆ. ಕೈಯ ಬಟ್ಟೆಚೂರಿನಿಂದ ಒರೆಸಿ ನೋಡಿದಳು. ಬೆರಳನ್ನು ಏಳರ ಮೇಲೆ ಇಟ್ಟಳು. ಏಳರ ಸೊಂಟಕ್ಕೆ ಅಡ್ಡಗೆರೆ ಎಳೆದಿತ್ತು.

“ಅವರ ಏಳು,” ಅಂದಳು. “ನಡು ಕಟ್ಟದಿದ್ರೆ ಒಂದು ಅಂತ ಓದ್ತಾರೆ ಅನ್ನೋರು.”

“ತಪ್ಪಾಯ್ತಮ್ಮ,” ಅಂದೆ. “ಜಲ್ಲಿ ಸುರಿಸಿ ಆಮೇಲೆ ಹುಡುಕಿದೆ. ಇರಲಿಲ್ಲ ಅಂತ ಬರೆದೆ.”

ಕಲ್ಲನ್ನು ಬಟ್ಟೆಚೂರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು.

“ನನ್ನ ಹತ್ರ ಹೇಳಿ ಏನು ಪ್ರಯೋಜನ ಸಾರ್? ಎಲ್ಲಿ ಬರೆದ್ರೋ ಅಲ್ಲೇ ಬರೀರಿ.”

ಗ್ಯಾಂಗಿನವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತಿದ್ದರು. ಮೇಸ್ತ್ರಿ ಬೂಟಿನಿಂದ ನೆಲ ಕೆದಕುತ್ತ, “ಅವತ್ತು ಜಲ್ಲಿ ಸುರಿದೋರು ನಾವೇ ಸಾರ್. ಗೊತ್ತಾಗದೆ ಇರಲಿಲ್ಲ,” ಅಂದ. ಅವನ ದನಿ ಪಕ್ಕದವನಿಗೂ ಕೇಳಿಸುವಂತಿರಲಿಲ್ಲ.

ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ದೊಡ್ಡ ಆಫೀಸಿಗೆ ಬರೆದೆ. ‘ಗುರುತು ಇತ್ತು. ನಾನು ನೋಡುವ ಮೊದಲೇ ಅದರ ಮೇಲೆ ಜಲ್ಲಿ ಸುರಿಸಿದೆ. ಕೀಮನ್ ತನ್ನ ಕೆಲಸ ಮಾಡಿದ್ದ, ನಾನು ಮಾಡಿರಲಿಲ್ಲ.’ ಕೆಳಗೆ ಸಹಿ ಹಾಕಿದೆ. ಮೇಸ್ತ್ರಿ ಸಾಕ್ಷಿ ಹಾಕಿದ. ಆಕೆ ಓದಿ, ಒಂದು ನಕಲು ಬೇಕು ಅಂದಳು. ಕೊಟ್ಟೆ.

ಆಮೇಲೆ ಕೂತು ಆ ಒಂದು ಮಾರು ಹೊಲಿದಳು. ಎರಡು ಸಲ ಹೊಲಿದಳು.

ಮಾರ್ಚ್ ೧೩, ಶುಕ್ರವಾರ

ದೊಡ್ಡ ಆಫೀಸಿನಿಂದ ಫೋನು. “ಮೂರು ತಿಂಗಳು ಬಾಕಿ ಇರೋವಾಗ ಇದೆಲ್ಲ ಯಾಕ್ರೀ ಬೇಕಿತ್ತು? ಸತ್ತೋನು ಬರ್ತಾನಾ?” ಬರುವುದಿಲ್ಲ ಅಂದೆ. ಸೋಮವಾರ ಬಂದು ಉತ್ತರ ಕೊಡಬೇಕಂತೆ. ನಿವೃತ್ತಿಯ ಕಾಗದಗಳನ್ನು ತಡೆಹಿಡಿದಿದ್ದಾರೆ. ಅವನ ಹಳೆಯ ಫೈಲನ್ನು ತೆಗೆಸಿದ್ದಾರೆ ಎಂದು ಗುಮಾಸ್ತ ಗುಟ್ಟಾಗಿ ಹೇಳಿದ.

ಬಲೆ ಹಾಸಿ ಜಲ್ಲಿ ಸುರಿದೆವು. ಇವತ್ತು ಯಾರೂ ಊಟ ಅನ್ನಲಿಲ್ಲ.

ಮಾರ್ಚ್ ೧೪, ಶನಿವಾರ

ಹಳಿ ಜೋಡಿಸಿ ಆಯಿತು. ಮಟ್ಟ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾಲ್ಕು ಗಂಟೆಗೆ ಜಲ್ಲಿ ತುಂಬಿದ ಗಾಡಿಯನ್ನೇ ಪರೀಕ್ಷೆಗೆ ಓಡಿಸುವುದು.

ಟೈಲರಮ್ಮನ ಕೆಲಸ ಮೊನ್ನೆಗೇ ಮುಗಿದಿತ್ತು. ಇವತ್ತೂ ಬಂದಳು. ಕಲ್ಲನ್ನು ಮನೆಗೆ ಒಯ್ದಿದ್ದಾಳೆ ಅಂದುಕೊಂಡಿದ್ದೆ. ಚೀಲದಿಂದ ತೆಗೆದಳು. ಕಂಬದಿಂದ ಸ್ಲೀಪರುಗಳನ್ನು ಎಣಿಸುತ್ತ ನಡೆದು, ಹದಿನಾಲ್ಕರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಜಲ್ಲಿಯ ನಡುವೆ ಒತ್ತಿ ಇಟ್ಟಳು. ತಾರೀಕು ಮೇಲೆ ಬರುವ ಹಾಗೆ.

“ಇನ್ನು ಇದು ಮುಳುಗಲ್ವಲ್ಲ ಸಾರ್?”

“ಮುಳುಗಲ್ಲಮ್ಮ. ಕೆಳಗೆ ನೀವು ಹೊಲಿದ ಬಟ್ಟೆ ಇದೆ.”

ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳುವ ಮುಖ ನನಗಿಲ್ಲ. ಗಾಡಿ ಬಂತು. ನಾವಿಬ್ಬರೂ ಕಂಬದ ಹತ್ತಿರ ಸ್ವಲ್ಪ ದೂರ ದೂರ ನಿಂತು ನೋಡಿದೆವು. ನೆಲ ಅದುರಿತು, ಕೆಸರು ಮೇಲೆ ಬರಲಿಲ್ಲ. ಕಡೆಯ ವ್ಯಾಗನ್ ದಾಟುತ್ತಿದ್ದಂತೆ ಆಕೆ ನನ್ನ ಕಡೆ ನೋಡದೆ ಗೇಟಿನ ದಾರಿ ಹಿಡಿದಳು.

ಮಾರ್ಚ್ ೧೫, ಭಾನುವಾರ

ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿದೆ. ರಾತ್ರಿಯಿಡೀ ಒಟ್ಟು ಹನ್ನೊಂದು ಗಾಡಿ ಓಡಿವೆ.

ಕಲ್ಲು ಇತ್ತು.